ಕೇಳದೇ ಸಿಗುವ ಪೈಂಟ್

"ಬಾಯೇ ತೆಗೀಲಿಲ್ಲ ಕಣೇ ಅವಳು! ಬಾಗಿಲು ತಳ್ಳಿದ್ಲು, ಟೋಪಿ ಒದರಿದ್ಲು, ಅಷ್ಟೇ. ಅಷ್ಟರಲ್ಲಿ ಮಾಲಾಕಿ ಗ್ಲಾಸ್ ತಗೊಂಡು ಬಿಯರ್ ನಲ್ಲಿ ಕೆಳಗೆ ಹಿಡಿದಾಗಿತ್ತು!"

"ಯಾರಿಗೆ?"

"ಯಾರಿಗೆ ಅಂದ್ರೆ? ನಿನ್ನ ತಂಗಿಗೆ! ಮಿರಿನ್‌ಗೆ!"

ನನ್ನ ರೂಮ್‌ಮೇಟ್ ಎತ್ನಾ ಇದನ್ನು ಹೇಳಿದ್ದು ಕಾಲೇಜಿನ ಲೈಬ್ರರಿಯ ಮೆಟ್ಟಿಲ ಮೇಲೆ, ಬಾಯಿ ತುಂಬ ಆಲೂಗಡ್ಡೆ ಚಿಪ್ಸ್ ಇಟ್ಟುಕೊಂಡು. ನನ್ನ ಕೈಯಲ್ಲಿದ್ದ ಚಿಪ್ಸ್ ಅಲ್ಲೇ ಪುಡಿಯಾಯಿತು.

"ಸುಳ್ಳು."

"ನನ್ನ ಕಣ್ಣಾರೆ ನೋಡಿದ್ದು. ಮಂಗಳವಾರ ನಾಲ್ಕು ಗಂಟೆಗೆ. ನಾನು ಬಿಟ್ಟುಬಂದ ಕೋಟ್ ತರೋಕೆ ಹೋಗಿದ್ದೆ. ನಿಂಗೆ ಹೇಳೋದೋ ಬೇಡವೋ ಅಂತ ಮೂರು ದಿನ ಒದ್ದಾಡಿದೀನಿ ಗೊತ್ತಾ?"

"ಹಂಗಾದ್ರೆ ಇನ್ನೊಂದು ಮೂರು ವರ್ಷ ಒದ್ದಾಡ್ಬೇಕಿತ್ತು."

"ಅಯ್ಯೋ, ಮುಖ ನೋಡು ನಿಂದು! ಬರೀ ಒಂದು ಗ್ಲಾಸ್ ಸ್ಟೌಟ್, ಕಪ್ಪು ಬಿಯರ್ ಅಲ್ವೇನೇ?"

ಎತ್ನಾ ದೂರದ ಗಾಲ್ವೇ ಊರಿನ ಕಡೆಯವಳು, ಅವಳಿಗೆ ಕ್ವಿಲಿಗನ್ ಪಬ್ಬಿನ ಕಥೆ ಗೊತ್ತಿಲ್ಲ. ಕಾರ್ಕ್ ನಗರದಲ್ಲಿ, ಶ್ಯಾಂಡನ್ ಚರ್ಚಿನ ಗಂಟೆಗೋಪುರದ ಕೆಳಗಿನ ಏರುಬೀದಿಯಲ್ಲಿರುವ ಆ ಪಬ್ಬಿಗೆ ಯಾರು ಬೇಕಾದರೂ ಹೋಗಬಹುದು. ಹೋದವರನ್ನೆಲ್ಲ ಪಬ್ಬಿನ ಯಜಮಾನ ಮಾಲಾಕಿ ಕ್ವಿಲಿಗನ್ "ಏನು ಕೊಡ್ಲಿ?" ಎಂದು ಕೇಳುತ್ತಾರೆ. ಪ್ರೀತಿಯಿಂದಲೇ ಕೇಳುತ್ತಾರೆ. ಆದರೆ ಹದಿನೈದೋ ಇಪ್ಪತ್ತೋ ಜನರಿದ್ದಾರೆ, ಅವರನ್ನು ಮಾತ್ರ ಕೇಳುವುದಿಲ್ಲ. ಅವರ ಹೆಜ್ಜೆ ಹೊಸ್ತಿಲ ಮೇಲೆ ಬೀಳುತ್ತಿದ್ದ ಹಾಗೆ ಗ್ಲಾಸ್ ನಲ್ಲಿಯ ಕೆಳಗೆ ಹೋಗಿರುತ್ತದೆ. ಅಂಥವರಲ್ಲಿ ಹೆಚ್ಚಿನವರಿಗೆ ಮೊಮ್ಮಕ್ಕಳಿದ್ದಾರೆ. ಹದಿನೆಂಟು ತುಂಬಿ ನಾಲ್ಕು ತಿಂಗಳಾದ, ಊರಿಂದ ಬಂದು ಆರು ವಾರವಾದ, ಮೂಗಿನ ಮೇಲೆ ಇನ್ನೂ ಮೊಡವೆ ಇರುವ ನನ್ನ ತಂಗಿ ಅವರಲ್ಲಿ ಒಬ್ಬಳಂತೆ!

ನಾನು ನಾಲ್ಕು ವರ್ಷದಿಂದ ಹೋಗುತ್ತಿದ್ದೇನೆ. ನನಗೆ ಇವತ್ತಿಗೂ "ಏನು ಕೊಡ್ಲಿ?"

ಮಿರಿನ್‌ಳನ್ನು ಆ ಬಾಗಿಲೊಳಗೆ ಮೊದಲ ಸಲ ಕೈಹಿಡಿದು ಕರೆದುಕೊಂಡು ಹೋದದ್ದು ಯಾರು? ನಾನೇ. ದಡ್ಡಿ.

ಇಷ್ಟೇ ಆಗಿದ್ದರೆ ಒಂದು ವಾರ ಮುಖ ಊದಿಸಿಕೊಂಡು ಸುಮ್ಮನಾಗುತ್ತಿದ್ದೆ. ಆದರೆ ಇದರ ಕೆಳಗೆ ಇನ್ನೊಂದಿತ್ತು. ನಮ್ಮಪ್ಪ ಇದೇ ಕಾಲೇಜಿನಲ್ಲಿ ಓದಿದವನು. ಮೂರನೇ ವರ್ಷದಲ್ಲಿ ಮಾಲಾಕಿಯವರ ಅಪ್ಪ, ದೊಡ್ಡ ಕ್ವಿಲಿಗನ್, ಅವನಿಗೆ ಕೇಳದೇ ಪೈಂಟ್, ಅಂದರೆ ಒಂದು ದೊಡ್ಡ ಗ್ಲಾಸ್ ಸ್ಟೌಟ್, ಹಾಕಿಕೊಡಲು ಶುರು ಮಾಡಿದರಂತೆ. ಅಪ್ಪನ ಬದುಕಿನಲ್ಲಿ ಎರಡೇ ದೊಡ್ಡ ಘಟನೆ: ಒಂದು ಕೋಲು-ಚೆಂಡಿನ ಹರ್ಲಿಂಗ್ ಆಟದಲ್ಲಿ ಜಿಲ್ಲೆಯ ಕಿರಿಯರ ತಂಡಕ್ಕೆ ಕರೆ ಬಂದದ್ದು, ಇನ್ನೊಂದು ಈ ಪೈಂಟ್. ತನ್ನನ್ನು ಮದುವೆಯಾದದ್ದಕ್ಕೆ ಆ ಪಟ್ಟಿಯಲ್ಲಿ ಮೂರನೇ ಜಾಗ ಎಂದು ಅಮ್ಮ ಹೇಳುತ್ತಾಳೆ.

ಆ ಹರ್ಲಿಂಗ್ ಇದೆಯಲ್ಲ, ಅದು ಪೂರ್ತಿ ಮಿರಿನ್ ಪಾಲಿಗೆ ಹೋಯಿತು. ಐದನೇ ವಯಸ್ಸಿಗೇ ಕೈಗೆ ಕೋಲು ಹಿಡಿದಳು. ಭಾನುವಾರ ಊಟಕ್ಕೆ ಕೂತರೆ ಅಪ್ಪ, ಅವಳು, ಚೆಂಡು, ರೆಫರಿ. ನಾನು, ಅಮ್ಮ, ಆಲೂಗಡ್ಡೆ. ನನಗೂ ಅಪ್ಪನಿಗೂ ನಡುವೆ ಇದ್ದದ್ದು ಈ ಪಬ್ ಒಂದೇ. ಫೋನ್ ಮಾಡಿದಾಗಲೆಲ್ಲ ಕೇಳುತ್ತಿದ್ದ, "ಏನಮ್ಮಾ, ಮಾಲಾಕಿ ಹಾಕಿಕೊಟ್ನಾ?" ಎರಡು ವರ್ಷದ ಹಿಂದೆ, ಪರೀಕ್ಷೆ ಹಾಳಾಗಿ ಮನಸ್ಸು ಕೆಟ್ಟಿದ್ದ ಒಂದು ದಿನ, ನನ್ನ ಬಾಯಿಂದ "ಹೂಂ ಅಪ್ಪಾ" ಎಂದು ಬಂದುಬಿಟ್ಟಿತು. ಆ ಕಡೆಯಿಂದ ಅಪ್ಪ ಖುಷಿಯಿಂದ ಕೂಗಿದ ಕೂಗಿಗೆ ನಮ್ಮ ನಾಯಿ ಬೊಗಳಿತ್ತು. ಆಮೇಲೆ ಹಿಂದೆ ಹೋಗಲು ಆಗಲಿಲ್ಲ. ಮುಂದೆ ಮುಂದೆ ಹೋದೆ. ಮಂಗಳವಾರ, ಶುಕ್ರವಾರ, ನಾಲ್ಕು ಗಂಟೆಗೆ ಹೋಗುತ್ತೇನೆ ಎಂದೆ. ಬಾಗಿಲಿಂದ ಎರಡನೇ ಸ್ಟೂಲ್ ನನ್ನದು ಎಂದೆ. ಒಂದೇ ಒಂದು ಸ್ಟೌಟ್, ಜಾಸ್ತಿ ಇಲ್ಲ ಎಂದೆ. ಒಮ್ಮೆ ನಾನು ಸೀನಿದಾಗ ಮಾಲಾಕಿ ಸುರಿಯುವುದನ್ನು ನಿಲ್ಲಿಸಿ "ದೇವರು ಕಾಪಾಡ್ಲಿ" ಎಂದರು ಅಂತಲೂ ಹೇಳಿದ್ದೆ. ಆ ಸೀನು ಯಾಕೆ ಬೇಕಿತ್ತೋ ನನಗೂ ಗೊತ್ತಿಲ್ಲ.

ನಾಳೆ ಶನಿವಾರ ಅಪ್ಪ ಬರುತ್ತಿದ್ದ. ನಮ್ಮೂರು ಸ್ಕಿಬರೀನ್‌ನಿಂದ ಬಸ್ಸಿನಲ್ಲಿ, ಒಂದು ಗಂಟೆಗೆ, ನೇರ ಕ್ವಿಲಿಗನ್‌ಗೆ. ನಾವಿಬ್ಬರೂ ಹೆಣ್ಣುಮಕ್ಕಳು ಅಲ್ಲಿಗೇ ಬರಬೇಕು. ಅವನ ಕಣ್ಣೆದುರೇ ಮಾಲಾಕಿ ಮಿರಿನ್‌ಗೆ ಗ್ಲಾಸ್ ಹಿಡಿದು, ನನ್ನ ಕಡೆ ತಿರುಗಿ "ಏನು ಕೊಡ್ಲಿ?" ಅನ್ನುವುದನ್ನು ಯೋಚಿಸುತ್ತಲೇ ಬ್ಯಾಗ್ ಹೆಗಲಿಗೇರಿಸಿ ಎದ್ದೆ.

"ಎಲ್ಲಿಗೇ ಹೊರಟೆ? ಕ್ಲಾಸಿದೆ!" ಎಂದಳು ಎತ್ನಾ.

"ಹಾಳಾಗ್ಲಿ ಕ್ಲಾಸ್."

ಮೂರೂವರೆಗೆಲ್ಲ ನಾನು ಕ್ವಿಲಿಗನ್‌ನಲ್ಲಿದ್ದೆ. ಆ ಹೊತ್ತಿಗೆ ಅಲ್ಲಿ ಹೆಚ್ಚು ಜನ ಇರುವುದಿಲ್ಲ. ಬಂದರಿನಲ್ಲಿ ಮೂಟೆ ಇಳಿಸಿ ನಿವೃತ್ತರಾದ ಕ್ರಿಸ್ಟಿ ತಾತ ಕನ್ನಡಕವನ್ನು ಹಣೆಗೇರಿಸಿಕೊಂಡು ಪದಬಂಧ ಬಿಡಿಸುತ್ತಿದ್ದರು. ಮಾಲಾಕಿ ಹೆಗಲ ಮೇಲೆ ಬಟ್ಟೆ ಹಾಕಿಕೊಂಡು ಗ್ಲಾಸ್ ಒರೆಸುತ್ತಿದ್ದರು. ನಾನು ಬಾಗಿಲಿಂದ ಎರಡನೇ ಸ್ಟೂಲ್ ಮೇಲೆ, ನಲ್ಲಿಯ ಎದುರಿಗೇ, ಬೆನ್ನು ನೆಟ್ಟಗೆ ಮಾಡಿ ಕೂತೆ. ಇವತ್ತೇ ಅವರಿಗೆ ಹೊಳೆದುಬಿಡಲಿ ಎಂದು ಅವರ ಮುಖವನ್ನೇ ದಿಟ್ಟಿಸಿದೆ.

"ಕಣ್ಣಿಗೆ ಏನಾದ್ರೂ ಬಿತ್ತಾ ಹುಡುಗಿ?" ಎಂದರು ಮಾಲಾಕಿ. "ಏನು ಕೊಡ್ಲಿ?"

ನಾನು ಆದಷ್ಟು ಬೇಸರದ ದನಿಯಲ್ಲಿ, ವರ್ಷಾನುಗಟ್ಟಲೆ ಹೇಳಿ ಹೇಳಿ ಸಾಕಾದವಳ ಹಾಗೆ, "ಅದೇ, ಯಾವಾಗ್ಲೂ ಕುಡಿಯೋದು" ಎಂದೆ.

ಮಾಲಾಕಿ ಒರೆಸುವುದನ್ನು ನಿಲ್ಲಿಸಿದರು. ಅವರು ಸಂಭಾವಿತರು, ನಿಜವಾಗಿ ನೆನಪು ಮಾಡಿಕೊಳ್ಳಲು ನೋಡಿದರು. "ಅಂದ್ರೆ... ಯಾವುದು?"

ಕ್ರಿಸ್ಟಿ ತಾತ ಪೇಪರಿನಿಂದ ತಲೆ ಎತ್ತದೆ ಹೇಳಿದರು, "ಹೋದ ವಾರ ನಿಂಬೆಹಣ್ಣು ಲವಂಗ ಹಾಕಿದ ಬಿಸಿ ವಿಸ್ಕಿ. ಅದರ ಹಿಂದಿನ ವಾರ ಕೆಂಪು ಬಿಯರ್. ಒಂದು ಸಲ ಆ ಗಡ್ಡದ ಹುಡುಗನ ಜೊತೆ ಬಂದಾಗ ಅವನು ಕುಡಿದದ್ದೇ ನಂಗೂ ಅಂದ್ಲು. ಈ ಹುಡುಗಿಯ ಯಾವಾಗ್ಲೂ ಅನ್ನೋದಕ್ಕೆ ಒಂದು ಲಾರಿ ಬೇಕು ಮಾಲಾಕಿ."

"ತಾತ, ನಿಮ್ಮ ಪದಬಂಧ ನೋಡ್ಕೊಳ್ಳಿ."

"ನೋಡ್ತಾ ಇದೀನಮ್ಮ. ಐದಕ್ಷರ, ಮುಖ ಕೆಂಪಾಗೋದು."

ಮರ್ಯಾದೆ ಉಳಿಸಿಕೊಳ್ಳಲು ದೊಡ್ಡವರ ಹಾಗೆ ಒಂದು ಸ್ಟೌಟ್, ಪಕ್ಕದಲ್ಲಿ ಒಂದು ವಿಸ್ಕಿ ಎಂದೆ. ವಿಸ್ಕಿ ಮೊದಲು ಬಂತು, ಸಣ್ಣ ಜಗ್ಗಿನಲ್ಲಿ ನೀರಿನ ಸಮೇತ. ಆಮೇಲೆ ಮಾಲಾಕಿ ಗ್ಲಾಸನ್ನು ಓರೆಯಾಗಿ ಹಿಡಿದು ನಲ್ಲಿ ಎಳೆದರು. ಸ್ಟೌಟ್ ಅನ್ನು ಒಂದೇ ಸಲಕ್ಕೆ ತುಂಬಿಸುವುದಿಲ್ಲ. ಮುಕ್ಕಾಲು ತುಂಬಿಸಿ ಕೌಂಟರಿನ ಒಳಅಂಚಿನಲ್ಲಿ ಇಡುತ್ತಾರೆ. ಕಂದು ಮೋಡ ಕದಡಿ ಕದಡಿ ಕೆಳಗಿಳಿದು ಕಪ್ಪಾಗಬೇಕು, ನೊರೆ ಮೇಲೆ ಕೂರಬೇಕು. ಆಮೇಲೆ ಉಳಿದ ಕಾಲು ಭಾಗ ತುಂಬಿಸಿ ಮಾಲಾಕಿ ತಾವೇ ನಮ್ಮ ಮುಂದೆ ತಳ್ಳುತ್ತಾರೆ. ಅವರು ತಳ್ಳುವ ತನಕ ಅದು ನಮ್ಮದಲ್ಲ. ತೊಟ್ಟಿಲಲ್ಲಿ ಇರುವಾಗಲೇ ಇದನ್ನು ಕಲಿತಿರುತ್ತೇವೆ.

ನನ್ನ ಗ್ಲಾಸಿನಲ್ಲಿ ಮೋಡ ಇಳಿಯುತ್ತಿತ್ತು. ಆಗ ಮಾಲಾಕಿ, ಬಾಗಿಲ ಕಡೆ ಕಣ್ಣೆತ್ತಿಯೂ ನೋಡದೆ, ಇನ್ನೊಂದು ಗ್ಲಾಸ್ ಎತ್ತಿಕೊಂಡು ಓರೆ ಮಾಡಿದರು.

ಬಾಗಿಲು ತೆರೆಯಿತು. ಮಿರಿನ್. ಬೆನ್ನಿಗೆ ಹರ್ಲಿಂಗ್ ಕೋಲು, ಮೊಣಕಾಲಿಗೆ ಮೈದಾನದ ಕೆಸರು.

ಹೆಜ್ಜೆ ಸಪ್ಪಳದಲ್ಲೇ ಗುರುತು ಹಿಡಿದಿದ್ದಾರೆ! ಬೆಕ್ಕಿನ ಹಾಗೆ!

"ಅಕ್ಕಾ! ನೀನೇನಿಲ್ಲಿ? ಕ್ಲಾಸಿಲ್ವಾ?"

"ನಾನು ಇಲ್ಲಿಗೆ ಬರೋಕೆ ನಿನ್ನ ಅಪ್ಪಣೆ ಬೇಕಾ?"

"ಬೇಡಪ್ಪ. ಆದ್ರೆ ನನ್ನ ಸ್ಟೂಲ್ ಮೇಲೆ ಕೂತಿದ್ಯ."

‘ನನ್ನ ಸ್ಟೂಲ್’ ಅಂತೆ! ನಾನು ಕದಲಲಿಲ್ಲ. ಅವಳು ನಕ್ಕು ಕ್ರಿಸ್ಟಿ ತಾತನ ಪಕ್ಕ ಹೋಗಿ ಕೂತಳು. "ತಾತ, ಸೊಂಟದ ಡಾಕ್ಟರ್ ಏನಂದ್ರು?" "ಇನ್ನೊಂದು ಸೊಂಟ ತಗೊಂಡು ಬಾ ಅಂದ್ರು." ಇಬ್ಬರೂ ಪೇಪರಿನ ಮೇಲೆ ಬಗ್ಗಿದರು. "ಐದಕ್ಷರ, ನಾಚಿಕೆಗೇಡು ಅಂತೇನೋ ಬರುತ್ತೆ ನೋಡಿ," ಎಂದಳು ಮಿರಿನ್. ತಾತ ಅವಳ ತಲೆಯ ಮೇಲೆ ಪೇಪರಿನಿಂದ ಹೊಡೆದರು. ನಾಲ್ಕು ವರ್ಷದಲ್ಲಿ ಕ್ರಿಸ್ಟಿ ತಾತನಿಗೆ ಸೊಂಟ ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಆ ಕಡೆಯೇ ನೋಡುತ್ತಿದ್ದೆ. ಕೈ ತಾನಾಗಿಯೇ ಕೌಂಟರಿನಾಚೆ ಚಾಚಿತು. ಸಿಕ್ಕ ಗ್ಲಾಸನ್ನು ಎತ್ತಿ ಗಟಗಟ ಕುಡಿದೆ.

ಕ್ರಿಸ್ಟಿ ತಾತನ ಪೆನ್ಸಿಲ್ ನಿಂತಿತು.

ಬಾಯೊಳಗೆ ಬರೀ ನೊರೆ. ಗ್ಲಾಸಿನಲ್ಲಿ ಇನ್ನೂ ಕದಡುತ್ತಿರುವ ಕಂದು ಮೋಡ. ಮುಕ್ಕಾಲು ತುಂಬಿಸಿ ಇಳಿಯಲು ಇಟ್ಟಿದ್ದ ಗ್ಲಾಸು. ವಿಮಾನದಿಂದ ಇಳಿದ ದಿನ ಪ್ರವಾಸಿಗಳು ಮಾಡುವ ಕೆಲಸ ಅದು. ಅವರು ಮಾಡಿದಾಗ ನಾವು ಮೊಣಕೈಯಿಂದ ತಿವಿದುಕೊಂಡು ನಗುತ್ತೇವೆ. ಅದಕ್ಕಿಂತ ಕೆಟ್ಟದ್ದೆಂದರೆ, ನನ್ನ ಗ್ಲಾಸ್ ಪಕ್ಕದಲ್ಲಿ ಕಪ್ಪಗೆ ತಣ್ಣಗೆ ಕೂತಿತ್ತು. ನಾನು ಎತ್ತಿದ್ದು ಮಿರಿನ್‌ಳದು.

"ಸ್ವಾಗತ ಕಣಮ್ಮ," ಎಂದರು ಕ್ರಿಸ್ಟಿ ತಾತ, ತುಂಬ ವಿನಯದಿಂದ. "ಯಾವ ದೇಶದಿಂದ ಬಂದದ್ದು? ವಾಪಸ್ ವಿಮಾನ ಯಾವಾಗ?"

"ನಮ್ಮ ಊರಿನ ಕೋಟೆ ಗೀಟೆ ನೋಡಿ ಆಯ್ತಾ?" ಎಂದಳು ಮಿರಿನ್. ನಗು ತಡೆಯಲಾರದೆ ಅವಳ ಮೂಗಿನಿಂದ ಒಂದು ಶಬ್ದ ಬಂತು.

ಮಾಲಾಕಿ ಮಾತ್ರ ನಗಲಿಲ್ಲ. ನನ್ನದಾಗಬೇಕಿದ್ದ ಗ್ಲಾಸನ್ನು ತೆಗೆದುಕೊಂಡು, ನಿಧಾನವಾಗಿ ಮೇಲಿನ ತನಕ ತುಂಬಿಸಿ, ಅಂಚು ಒರೆಸಿ, ಮಿರಿನ್ ಮುಂದೆ ತಳ್ಳಿದರು. ನಕ್ಕಿದ್ದರೇ ಚೆನ್ನಾಗಿತ್ತು.

ನಾನು ನನ್ನ ವಿಸ್ಕಿ ಎತ್ತಿಕೊಂಡು ಸ್ನಗ್‌ನೊಳಗೆ ನುಗ್ಗಿದೆ. ಬಾಗಿಲ ಪಕ್ಕ ಮರದ ಹಲಗೆ ಹೊಡೆದು ಮಾಡಿದ ಸಣ್ಣ ಗೂಡು ಅದು. ಕೌಂಟರ್ ಕಡೆಗೆ ಒಂದು ಕಿಂಡಿ, ಒಳಗೆ ನಾಲ್ಕು ಜನ ಕೂರುವಷ್ಟು ಜಾಗ. ಹಿಂದಿನ ಕಾಲದಲ್ಲಿ ಹೆಂಗಸರು ಯಾರಿಗೂ ಕಾಣದೆ ಅಲ್ಲೇ ಕೂತು ಕುಡಿಯುತ್ತಿದ್ದರಂತೆ. ನನಗೂ ಯಾರಿಗೂ ಕಾಣದಿರುವುದು ಬೇಕಿತ್ತು.

ಮಿರಿನ್ ಹಿಂದೆಯೇ ಬಂದಳು, ಪೈಂಟ್ ತುಳುಕದ ಹಾಗೆ ಹಿಡಿದುಕೊಂಡು, ಬಾಯಲ್ಲಿ ಚಿಪ್ಸ್ ಪೊಟ್ಟಣ ಕಚ್ಚಿಕೊಂಡು.

"ಏನಾಗಿದೆ ನಿಂಗೆ?"

"ಎಲ್ಲಾ ನಿಂಗೇ ಬೇಕಾ? ಅಪ್ಪ ಬೇಕು, ಆಟ ಬೇಕು, ನಾಯೀನೂ ನಿನ್ನ ಮಂಚದ ಮೇಲೇ ಮಲಗುತ್ತೆ. ಈ ಒಂದು ಜಾಗ ನಂದಿತ್ತು ಕಣೇ! ಇದನ್ನೂ ಆರು ವಾರದಲ್ಲಿ ನುಂಗಿಬಿಟ್ಯಲ್ಲ!"

"ನಾನೇನು ಮಾಡ್ದೆ?"

"ಮಂಗಳವಾರ ಬರ್ತೀಯ, ಶುಕ್ರವಾರ ಬರ್ತೀಯ, ನಾಲ್ಕು ಗಂಟೆಗೇ ಬರ್ತೀಯ, ಎರಡನೇ ಸ್ಟೂಲ್..."

ಮಂಗಳವಾರ. ಶುಕ್ರವಾರ. ನಾಲ್ಕು ಗಂಟೆ. ಎರಡನೇ ಸ್ಟೂಲ್.

ಮಿರಿನ್ ಚಿಪ್ಸ್ ಪೊಟ್ಟಣವನ್ನು ಸೀಳಿ ಮೇಜಿನ ಮೇಲೆ ಹರಡಿದಳು. ನನ್ನ ಮುಖ ನೋಡಲಿಲ್ಲ. "ನೀನೇ ಅಪ್ಪನಿಗೆ ಹೇಳ್ತಿದ್ದದ್ದಲ್ವಾ? ಅವನು ಸ್ಪೀಕರ್ ಹಾಕ್ಕೊಂಡೇ ಮಾತಾಡೋದು. ಎರಡು ವರ್ಷ ಕೇಳಿದೀನಿ ಅಡುಗೆಮನೇಲಿ ಕೂತು. ಕಾರ್ಕಿಗೆ ಹೋದ್ರೆ ನಾನೂ ಅಕ್ಕನ ತರಾನೇ ಇರ್ತೀನಿ ಅಂದ್ಕೊಂಡಿದ್ದೆ. ಅದೇ ದಿನ, ಅದೇ ಹೊತ್ತು, ಒಂದೇ ಸ್ಟೌಟ್. ಬಂದು ನೋಡಿದ್ರೆ ಮಂಗಳವಾರ ನೀನೇ ಇಲ್ಲ. ಶುಕ್ರವಾರನೂ ಇಲ್ಲ. ನಂದೇ ಏನೋ ತಪ್ಪಾಗಿದೆ ಅಂತ ಮೂರು ವಾರ ಕಾದೆ ಇಲ್ಲಿ."

ನಾನು ವಿಸ್ಕಿ ನೋಡುತ್ತ ಕೂತೆ. ನಾನು ಬಾಯಲ್ಲಿ ಹೇಳಿದ್ದನ್ನೆಲ್ಲ ಈ ಹುಡುಗಿ ಕಾಲಲ್ಲಿ ನಡೆದು ಮಾಡಿಬಿಟ್ಟಿದ್ದಳು. ನನ್ನ ಸುಳ್ಳು ನನಗಿಂತ ಅವಳಿಗೆ ಚೆನ್ನಾಗಿ ಒಪ್ಪಿತ್ತು. ಅವಳ ಮೇಲೆ ಕರಗಿಹೋಗಬೇಕಿತ್ತು ನಾನು. ನಿಜ ಹೇಳುತ್ತೇನೆ, ಹೊಟ್ಟೆಕಿಚ್ಚು ಇನ್ನಷ್ಟು ಜಾಸ್ತಿಯಾಯಿತು.

"ಅಪ್ಪನಿಗೆ ಹೇಳಿದ್ಯಾ?"

"ಇಲ್ಲ. ಯಾಕೆ ಹೇಳ್ಲಿ?" ಅವಳು ನೊರೆಯೊಳಗೆ ಬೆರಳು ಅದ್ದಿದಳು. "ನೋಡಕ್ಕ, ನಾಳೆ ನಾನು ಬರಲ್ಲ. ಜ್ವರ ಅಂತೀನಿ. ನೀನು ಆ ಸ್ಟೂಲ್ ಮೇಲೆ ಕೂತ್ಕೋ. ಮಾಲಾಕಿಗೆ ನಾನು ಹೇಳ್ತೀನಿ, ನೀನು ಬಂದ ತಕ್ಷಣ ಹಾಕಿಕೊಡಿ ಅಂತ. ಒಂದೇ ದಿನ ತಾನೇ."

ಬೇಡ ಎನ್ನಬೇಕಿತ್ತು. ನಾನು ಹೂಂ ಎನ್ನಲು ಬಾಯಿ ತೆರೆದೆ.

ಅರ್ಧ ತೆರೆದಿದ್ದ ಕಿಂಡಿಯ ಬಾಗಿಲು ಪೂರ್ತಿ ಸರಿಯಿತು. ಮಾಲಾಕಿಯ ಮುಖ, ಹೆಗಲ ಮೇಲಿನ ಬಟ್ಟೆ ಸಮೇತ.

"ಈ ಕಿಂಡಿ ಮುಚ್ಕೊಂಡು ಜಗಳ ಆಡ್ಬೇಕು ಹುಡುಗೀರಾ. ಕ್ರಿಸ್ಟಿಗೆ ಪದಬಂಧ ಓಡ್ತಿಲ್ಲ."

"ಓಡ್ತಾ ಇತ್ತು, ನೀನ್ಯಾಕೆ ಮಧ್ಯ ಬಾಯಿ ಹಾಕ್ದೆ?" ಎಂದು ತಾತ ಹೊರಗಿನಿಂದ ಕೂಗಿದರು.

"ಮಾಲಾಕಿ ಅವ್ರೇ," ಎಂದಳು ಮಿರಿನ್, "ನಾಳೆ ಒಂದು ದಿನ—"

"ಕೇಳಿಸ್ತು. ಆಗಲ್ಲ." ಅವರು ನನ್ನ ಕಡೆ ತಿರುಗಿದರು. "ಹೇಳಿ ಹಾಕಿಸ್ಕೊಂಡ್ರೆ ಅದು ಕೇಳದೇ ಹಾಕಿದ್ದು ಹೇಗಾಗುತ್ತೆ ಡರ್ವ್ಲಾ? ನಿಮ್ಮಪ್ಪನಿಗೆ ನಮ್ಮಪ್ಪ ಹಾಕಿಕೊಡ್ತಿದ್ದ ನಲ್ಲಿ ಇದು. ಅವನ ಮುಂದೆ ನಾಟಕ ಆಡ್ಲಾ ನಾನು?"

ಅವರಿಗೆ ನನ್ನ ಹೆಸರು ಗೊತ್ತಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

"ನಾಲ್ಕು ವರ್ಷ ಆಯ್ತು," ಎಂದೆ. ದನಿ ಸಣ್ಣದಾಗಿತ್ತು. "ನನ್ನಲ್ಲಿ ಏನು ಕಮ್ಮಿ ಇತ್ತು?"

"ಕಮ್ಮಿ ಏನಿಲ್ಲ. ಬರೋದು ಯಾವಾಗ್ಲೋ, ಜೊತೆಗೆ ಯಾರೋ, ಅವರು ಕುಡಿದದ್ದೇ ನಿಂಗೂ. ಏನು ಅಂತ ಹಾಕ್ಲಿ ಹೇಳು? ಸ್ಟೌಟ್ ಕೇಳಿದಾಗೆಲ್ಲ ಕಾಲು ಗ್ಲಾಸ್ ಬಿಟ್ಟು ಹೋಗ್ತಿ. ನಿಂಗದು ಸೇರಲ್ಲ."

"ಸೇರುತ್ತೆ!"

"ಸೇರಲ್ಲ," ಎಂದರು ತಾತ ಹೊರಗಿನಿಂದ. "ಬಿಟ್ಟದ್ದನ್ನ ಚೆಲ್ಲುವಾಗ ನಂಗೆ ಪ್ರತೀ ಸಲ ಕರುಳು ಕಿವುಚಿ ಬರುತ್ತೆ."

ಮಾಲಾಕಿ ನನ್ನ ಕೈಯ ಕಡೆ ಗದ್ದ ಎತ್ತಿ ಸನ್ನೆ ಮಾಡಿದರು. ನೋಡಿದೆ. ವಿಸ್ಕಿ ಗ್ಲಾಸ್ ಖಾಲಿಯಾಗಿತ್ತು. ಎಲ್ಲೋ ಜಗಳದ ನಡುವೆ, ತೊಟ್ಟು ತೊಟ್ಟಾಗಿ, ಪೂರ್ತಿ ಮುಗಿಸಿದ್ದೆ.

"ಅದನ್ನ ಮಾತ್ರ ಯಾವತ್ತೂ ಬಿಟ್ಟಿಲ್ಲ ನೀನು," ಎಂದು ಹೇಳಿ ಕಿಂಡಿ ಮುಚ್ಚಿದರು.

ಇಷ್ಟಾಗುವಾಗಲೇ ನನ್ನ ಫೋನ್ ಕುಣಿಯಿತು. ಅಪ್ಪ. ನಾನು ಫೋನ್ ಹಿಡಿದು ಹೊರಗಿನ ಫುಟ್‌ಪಾತಿಗೆ ಓಡಿದೆ. ಸಣ್ಣ ಮಳೆ ಹನಿಯುತ್ತಿತ್ತು, ಏರುಬೀದಿಯಲ್ಲಿ ಒಂದು ಬಸ್ಸು ಏದುಸಿರು ಬಿಡುತ್ತ ಹತ್ತುತ್ತಿತ್ತು.

"ಡರ್ವ್ಲಾ! ನಾಳೆ ಒಂದು ಗಂಟೆ, ನೆನಪಿದೆಯಲ್ಲ? ನಾನು ಬರೋದು ಮಾಲಾಕಿಗೆ ಹೇಳ್ಬೇಡ. ನಾನು ಮುಂಚೇನೇ ಹೋಗಿ ಮೂಲೇಲಿ ಪೇಪರ್ ಹಿಡ್ಕೊಂಡು ಕೂತಿರ್ತೀನಿ. ನೀನು ಒಳಗೆ ಬರ್ಬೇಕು, ಅವನು ಸುಮ್ನೆ ನಲ್ಲಿ ಎಳೀಬೇಕು, ಅದನ್ನ ನಾನು ನೋಡ್ಬೇಕು!"

"ಅಪ್ಪಾ."

"ಕ್ಯಾಮೆರಾ ತರ್ಲಾ ಅಂತಿದ್ದೆ, ನಿಮ್ಮಮ್ಮ ಬೈದ್ಲು."

"ಅಪ್ಪಾ, ನಂಗೆ ಹಾಕಿಕೊಡಲ್ಲ ಅವರು."

"ಏನು, ಜಗಳ ಮಾಡ್ಕೊಂಡ್ಯಾ?"

"ಯಾವತ್ತೂ ಹಾಕಿಕೊಟ್ಟಿಲ್ಲ. ನಾನು ಸುಳ್ಳು ಹೇಳಿದ್ದು."

ಆ ಕಡೆ ಸ್ಪೀಕರ್ ಆರಿಸಿದ ಸದ್ದು ಬಂತು.

"ಎರಡು ವರ್ಷ?" ಎಂದ ಅಪ್ಪ.

"ಹೂಂ."

"ಮಂಗಳವಾರ, ಶುಕ್ರವಾರ?"

"ಎಲ್ಲಾ."

"ಆ ಸೀನಿದ್ದು?"

"ಅದೂ."

"ಛೆ," ಎಂದ. "ಅದನ್ನ ಪಕ್ಕದ ಮನೆಯವರಿಗೆಲ್ಲ ಹೇಳಿದ್ದೆ."

ನನ್ನ ಕೂದಲಿನಿಂದ ನೀರು ಇಳಿದು ಕತ್ತಿನೊಳಗೆ ಹೋಗುತ್ತಿತ್ತು. ಹೇಳುವುದಾದರೆ ಪೂರ್ತಿ ಹೇಳಿಬಿಡಬೇಕು, ಇಲ್ಲದಿದ್ದರೆ ನಾಳೆ ಇನ್ನೊಂದು ಸಲ ಇದೇ ನರಕ. "ಮಿರಿನ್‌ಗೆ ಹಾಕಿಕೊಡ್ತಾರೆ ಅಪ್ಪಾ. ನಿಜವಾಗ್ಲೂ. ಇವತ್ತು ನಾನೇ ನೋಡ್ದೆ. ಬಾಗಿಲು ತೆಗೆಯೋಕೂ ಮುಂಚೆ."

"ಮಿರಿನ್‌ಗಾ?" ಅವನ ದನಿ ಮೇಲೇರಿತು. ತಡೆಯಲು ನೋಡಿದ, ಪಾಪ, ಆಗಲಿಲ್ಲ. "ಆರೇ ವಾರಕ್ಕಾ? ನಂಗೇ ಮೂರು ವರ್ಷ ಹಿಡೀತಲ್ಲೇ!"

ಆ ಖುಷಿ ನನ್ನ ಎದೆಗೆ ಸೂಜಿಯ ಹಾಗೆ ಹೊಕ್ಕಿತು. ಎರಡು ವರ್ಷ ನಾನು ಸುಳ್ಳು ಹೇಳಿ ಸಂಪಾದಿಸಿದ ಕೂಗು ಅದು. ಈಗ ಸರಿಯಾದ ವಿಳಾಸಕ್ಕೆ ಹೋಗಿ ಮುಟ್ಟಿತ್ತು. ಕಿಟಕಿಯ ಗಾಜಿನೊಳಗೆ ಮಿರಿನ್ ಕಂಡಳು, ಕ್ರಿಸ್ಟಿ ತಾತನ ಪೆನ್ಸಿಲ್ ಕಿತ್ತುಕೊಂಡು ಏನೋ ಬರೆಯುತ್ತಿದ್ದಳು.

"ನೀನು ಏನು ಕುಡೀತೀಯ ಹಾಗಾದ್ರೆ?" ಎಂದು ಅಪ್ಪ ಕೇಳಿದ. ಈಗ ಅವನ ದನಿ ತಗ್ಗಿತ್ತು. ಹಾಗೆ ನನ್ನನ್ನು ಅವನು ಯಾವತ್ತೂ ಕೇಳಿರಲಿಲ್ಲ.

"ವಿಸ್ಕಿ. ಒಂದು ತೊಟ್ಟು ನೀರು."

"ಅದು ನಮ್ಮಮ್ಮನ ಕಡೆಯಿಂದ ಬಂದದ್ದು," ಎಂದ. "ಸರಿ. ಸುಳ್ಳಿ. ನಾಳೆ ಒಂದು ಗಂಟೆಗೆ ಬರ್ತೀಯಲ್ಲ?"

"ಅಪ್ಪಾ, ಹನ್ನೆರಡೂವರೆಗೆ ಬಾ."

"ಯಾಕೆ? ಮಿರಿನ್‌ಗೂ ಆಗುತ್ತಾ?"

"ಅವಳಿಗೆ ಹನ್ನೆರಡೂ ಮುಕ್ಕಾಲರವರೆಗೂ ಮೈದಾನದಲ್ಲಿ ಪ್ರಾಕ್ಟೀಸ್ ಇರುತ್ತೆ," ಎಂದೆ. ಅದು ಸುಳ್ಳಾಗಿರಲಿಲ್ಲ. "ಅವಳು ಒಂದು ಗಂಟೆಗೇ ಬರ್ಲಿ. ನೀನು ಹನ್ನೆರಡೂವರೆಗೆ ಬಾ."

ಬಸ್ಸಿನ ವೇಳಾಪಟ್ಟಿಯ ಕಾಗದ ಬಿಚ್ಚುವ ಸದ್ದು ಕೇಳಿಸಿತು.

"ಮುಂಚಿನ ಬಸ್ಸಿದೆ," ಎಂದ. "ಹನ್ನೆರಡೂವರೆ."